ಜಂಗಮರ ವೇಷದಲ್ಲಿ ಬಂದ ಕಿರಿಯ ರಾಜಕುಮಾರ

ರಜೆಗೆಂದು ಬಂದ ಮೊಮ್ಮಗನನ್ನು ಕರೆದುಕೊಂಡು ಮೊನ್ನೆ ಕೆಳದಿಗೆ ಹೋಗಿದ್ದೆ. ಸಾಗರದಿಂದ ದೂರವೇನಿಲ್ಲ, ಬಸ್ಸಿನಲ್ಲಿ ಕೂತು ಕಡಲೆ ಮುಗಿಯುವುದರೊಳಗೆ ಊರು ಬಂದಿರುತ್ತದೆ. ವೀರಭದ್ರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಕತ್ತು ನೋಯುವವರೆಗೆ ನೋಡಿ, ಹೊರಗೆ ಧ್ವಜಸ್ತಂಭದ ಹತ್ತಿರ ಬಂದೆವು. ಅದರ ಬುಡದಲ್ಲಿ ಒಂದಷ್ಟು ಕೆತ್ತನೆಗಳಿವೆ. ರಾಣಿ ಚೆನ್ನಮ್ಮಾಜಿ, ಅವಳ ಆಶ್ರಯ ಬೇಡಿ ಬಂದ ಶಿವಾಜಿ ಮಹಾರಾಜರ ಮಗ ರಾಜಾರಾಮ ಎಂದು ಅಲ್ಲಿಯವರು ತೋರಿಸುತ್ತಾರೆ.

ಹುಡುಗ ಏಳನೇ ತರಗತಿ. ಸುಮ್ಮನೆ ಒಪ್ಪುವ ಪೈಕಿ ಅಲ್ಲ.

"ಅಜ್ಜ, ಚೆನ್ನಮ್ಮಾಜಿ ರಾಜ್ಯ ಆಳಿದಳು, ಔರಂಗಜೇಬನ ಸೈನ್ಯಕ್ಕೆ ಹೆದರಲಿಲ್ಲ, ಸರಿ. ಈ ರಾಜಾರಾಮ ಏನು ಮಾಡಿದ?"

"ಮೊಗಲರಿಂದ ತಪ್ಪಿಸಿಕೊಂಡು ಬಂದನಪ್ಪ."

"ಅಷ್ಟೇನಾ? ಓಡಿ ಬಂದವನನ್ನೂ ಕಲ್ಲಿನಲ್ಲಿ ಕೆತ್ತುತ್ತಾರಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಹಳೆಯ ಪುಸ್ತಕಗಳನ್ನು ಮತ್ತೆ ತಿರುವಿ ಹಾಕಿದ ಮೇಲೆ ಈ ವಾರದ ಅಂಕಣ ಅವನಿಗೇ ಉತ್ತರವಾಗಲಿ ಎನಿಸಿತು.

ಶಿವಾಜಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಸಂಭಾಜಿ, 1657ರಲ್ಲಿ ಹುಟ್ಟಿದವನು. ಚಿಕ್ಕವನು ರಾಜಾರಾಮ, ಇನ್ನೊಬ್ಬ ರಾಣಿ ಸೋಯರಾಬಾಯಿಯ ಮಗ, ಹುಟ್ಟಿದ್ದು 1670ರಲ್ಲಿ. ಅಣ್ಣತಮ್ಮಂದಿರ ನಡುವೆ ಹದಿಮೂರು ವರ್ಷದ ಅಂತರ. ಅರಮನೆಯಲ್ಲಿ ಕಿರಿಯ ಮಗನಾಗಿ ಹುಟ್ಟುವುದು ಹೊರಗಿನವರು ತಿಳಿದಷ್ಟು ಸುಖದ್ದಲ್ಲ. ಪಟ್ಟ ಅಣ್ಣನಿಗೆ. ಆದರೆ ಅಣ್ಣನನ್ನು ಕಂಡರಾಗದವರೆಲ್ಲ ತಮ್ಮನ ಸುತ್ತ ಸೇರುತ್ತಾರೆ. ಏನೂ ತಿಳಿಯದ ಕೂಸನ್ನು ಮುಂದಿಟ್ಟುಕೊಂಡು ದೊಡ್ಡವರು ತಮ್ಮ ಆಟ ಆಡುತ್ತಾರೆ.

ರಾಜಾರಾಮನಿಗೆ ಆದದ್ದೂ ಅದೇ. 1680ರ ಏಪ್ರಿಲ್‌ನಲ್ಲಿ ಶಿವಾಜಿ ತೀರಿಕೊಂಡಾಗ ಸಂಭಾಜಿ ರಾಯಗಡದಲ್ಲಿರಲಿಲ್ಲ. ಸೋಯರಾಬಾಯಿ ಮತ್ತು ಕೆಲವು ಮಂತ್ರಿಗಳು ಸೇರಿ ಹತ್ತು ವರ್ಷದ ರಾಜಾರಾಮನನ್ನು ಸಿಂಹಾಸನದ ಮೇಲೆ ಕೂರಿಸಿಬಿಟ್ಟರು. ಎರಡು ತಿಂಗಳಾಯಿತೋ ಇಲ್ಲವೋ, ಸಂಭಾಜಿ ಬಂದು ಕೋಟೆಯನ್ನು ವಶಕ್ಕೆ ತೆಗೆದುಕೊಂಡ. ತಮ್ಮನ ಜೀವಕ್ಕೆ ಏನೂ ಮಾಡಲಿಲ್ಲ, ಆದರೆ ಕಣ್ಗಾವಲಿನಲ್ಲಿ ಇಟ್ಟ. ತಾಯಿ ಮರುವರ್ಷ ತೀರಿಕೊಂಡಳು. ಹತ್ತರಿಂದ ಹತ್ತೊಂಬತ್ತರವರೆಗೆ, ನಮ್ಮ ಮಕ್ಕಳು ಶಾಲೆ, ಕಾಲೇಜು, ಕ್ರಿಕೆಟ್ ಎಂದು ಓಡಾಡುವ ವಯಸ್ಸನ್ನು, ಆ ಹುಡುಗ ರಾಯಗಡದ ಗೋಡೆಗಳೊಳಗೇ ಕಳೆದ. ಯುದ್ಧ ಕಂಡವನಲ್ಲ, ರಾಜ್ಯಭಾರ ಕಲಿತವನೂ ಅಲ್ಲ.

1689ರಲ್ಲಿ ಎಲ್ಲವೂ ತಲೆಕೆಳಗಾಯಿತು. ಅದಾಗಲೇ ಔರಂಗಜೇಬ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ನುಂಗಿಕೊಂಡಿದ್ದ. ಫೆಬ್ರವರಿಯಲ್ಲಿ ಸಂಭಾಜಿ ಸೆರೆಸಿಕ್ಕಿದ, ಮಾರ್ಚ್ 11ರಂದು ಅವನನ್ನು ಕೊಲ್ಲಿಸಲಾಯಿತು. ಹೇಗೆ ಎಂಬುದನ್ನು ಮಕ್ಕಳು ಓದುವ ಪುಟದಲ್ಲಿ ಬರೆಯಲಾರೆ. ಸಂಭಾಜಿಯ ಮಗ ಶಾಹು ಆಗ ಏಳು ವರ್ಷದವನೂ ಅಲ್ಲ. ಮೊಗಲ ಸೈನ್ಯ ರಾಯಗಡವನ್ನು ಮುತ್ತಿತು.

ಇಲ್ಲಿ ನನಗೆ ರಾಜಾರಾಮನಿಗಿಂತ ದೊಡ್ಡವಳಾಗಿ ಕಾಣುವವಳು ಅವನ ಅತ್ತಿಗೆ ಏಸೂಬಾಯಿ. ಗಂಡ ಸತ್ತು ತಿಂಗಳೂ ಆಗಿಲ್ಲ. ಕೋಟೆಯಲ್ಲಿರುವ ಅಷ್ಟೂ ಜನ ಒಟ್ಟಿಗೆ ಸಿಕ್ಕಿಬಿದ್ದರೆ ವಂಶವೂ ಇಲ್ಲ, ರಾಜ್ಯವೂ ಇಲ್ಲ. ಮೈದುನ ಹೊರಗೆ ಹೋಗಲಿ, ನಾನು ಮಗುವಿನೊಂದಿಗೆ ಇಲ್ಲೇ ಇರುತ್ತೇನೆ ಎಂದು ನಿರ್ಧರಿಸಿದಳು. ಮನಸ್ಸು ಮಾಡಿದ್ದರೆ ತನ್ನ ಮಗನನ್ನೇ ಹೊರಗೆ ಕಳಿಸಬಹುದಿತ್ತು. ಏಪ್ರಿಲ್‌ನಲ್ಲಿ ರಾಜಾರಾಮ ರಾಯಗಡ ಬಿಟ್ಟ. ನವೆಂಬರಿನಲ್ಲಿ ಕೋಟೆ ಬಿತ್ತು, ತಾಯಿ ಮಗ ಇಬ್ಬರೂ ಸೆರೆಯಾದರು.

ರಾಜಾರಾಮ ಮೊದಲು ಪ್ರತಾಪಗಡ, ಆಮೇಲೆ ಕೊಲ್ಲಾಪುರದ ಹತ್ತಿರದ ಪನ್ಹಾಳ ಎಂದು ಕೋಟೆಯಿಂದ ಕೋಟೆಗೆ ಹೋದ. ಹೋದಲ್ಲೆಲ್ಲ ಮೊಗಲರು ಬೆನ್ನು ಹತ್ತಿದರು. ಇನ್ನು ಉಳಿದ ಜಾಗ ಒಂದೇ, ದೂರದ ತಮಿಳುನಾಡಿನ ಜಿಂಜಿ. ಶಿವಾಜಿ 1677ರಲ್ಲಿ ಗೆದ್ದು ಭದ್ರಪಡಿಸಿಟ್ಟಿದ್ದ ಕೋಟೆ. ಅಪ್ಪ ಇಟ್ಟ ಗಂಟು ಮಗನ ಕಷ್ಟಕಾಲಕ್ಕೆ ಒದಗಿದ ಹಾಗೆ! ಆದರೆ ಪನ್ಹಾಳದಿಂದ ಜಿಂಜಿಗೆ ಹೋಗುವುದು ಹೇಗೆ? ಬಯಲುಸೀಮೆಯ ದಾರಿಯಲ್ಲೆಲ್ಲ ಬಾದಶಹನ ಕಣ್ಣು. ಉಳಿದದ್ದು ನಮ್ಮ ಮಲೆನಾಡಿನ ದಾರಿ.

ಆಗ ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೆಲ್ಲ ಕೆಳದಿ ಅರಸರವು. ಕೆಳದಿ, ಇಕ್ಕೇರಿ ಆದ ಮೇಲೆ ರಾಜಧಾನಿ ಬಿದನೂರಿಗೆ ಬಂದಿತ್ತು. ಅದೇ ಈಗ ಹೊಸನಗರ ತಾಲ್ಲೂಕಿನ ನಗರ. ತೀರ್ಥಹಳ್ಳಿ ಕಡೆಯ ಕವಲೆದುರ್ಗ ಅವರ ಗಟ್ಟಿ ಕೋಟೆ. ಪಟ್ಟದಲ್ಲಿ ಇದ್ದವಳು ಚೆನ್ನಮ್ಮಾಜಿ. ಅವಳ ಗಂಡ ಸೋಮಶೇಖರನಾಯಕನೂ ಕಿರಿಯ ರಾಜಕುಮಾರನೇ, ಶಿವಪ್ಪನಾಯಕನ ಚಿಕ್ಕ ಮಗ. ಅಣ್ಣ ಭದ್ರಪ್ಪನಾಯಕನ ನಂತರ ಪಟ್ಟ ಅವನಿಗೆ ಬಂತು. ಕೊನೆಗಾಲದಲ್ಲಿ ರಾಜ್ಯದ ಕಡೆ ಗಮನ ಕೊಡದೆ ಹಾಳಾಗಿ, ಕೊಲೆಯಾಗಿ ಹೋದ. ಮಕ್ಕಳಿರಲಿಲ್ಲ. ಗಂಡ ಕೆಡಿಸಿಟ್ಟುಹೋದ ರಾಜ್ಯವನ್ನು ಸರಿಮಾಡಿ ಸುಮಾರು 25 ವರ್ಷ ಆಳಿದವಳು ಈಕೆ. ದಿಕ್ಕುಗೆಟ್ಟ ರಾಜಕುಮಾರನನ್ನು ಕಂಡಾಗ ಅವಳಿಗೆ ಏನೇನು ನೆನಪಾಗಿರಬಹುದೋ.

1689ರ ಸೆಪ್ಟೆಂಬರ್ ಕೊನೆಗೆ ರಾಜಾರಾಮ ಮತ್ತು ಕೆಲವೇ ಸಂಗಡಿಗರು ಲಿಂಗಾಯತ ಯಾತ್ರಿಕರ ವೇಷದಲ್ಲಿ ಪನ್ಹಾಳ ಬಿಟ್ಟರು. ಈ ವೇಷ ಯಾಕೆ? ನನ್ನ ಊಹೆ ಹೇಳುತ್ತೇನೆ. ಕೆಳದಿಯದು ವೀರಶೈವ ಅರಸುಮನೆತನ. ನಾಡಿನ ಉದ್ದಗಲಕ್ಕೂ ಮಠಗಳು. ಹಣೆಗೆ ವಿಭೂತಿ, ಹೆಗಲಿಗೆ ಜೋಳಿಗೆ ಇದ್ದವರು ಮಠದಿಂದ ಮಠಕ್ಕೆ ನಡೆದು ಹೋಗುವುದು ದಿನನಿತ್ಯದ ನೋಟ. ಯಾವ ಊರು, ಯಾರ ಮಗ ಎಂದು ಜಂಗಮರನ್ನು ಯಾರು ಕೇಳುತ್ತಾರೆ? ಕೈಮುಗಿದು ಪ್ರಸಾದಕ್ಕೆ ಕರೆಯುತ್ತಾರೆ ಅಷ್ಟೆ.

ಆದರೆ ರಾಣಿಯ ಮುಂದೆ ವೇಷ ಕಳಚಲೇಬೇಕಿತ್ತು. ಶಿವಾಜಿಯ ಮಗ ಚೆನ್ನಮ್ಮಾಜಿಯ ಮೊರೆಹೊಕ್ಕದ್ದನ್ನು ಲಿಂಗಣ್ಣ ಕವಿ ತನ್ನ 'ಕೆಳದಿನೃಪವಿಜಯ'ದಲ್ಲಿ ಹೇಳಿದ್ದಾನೆ. ಕೈಗೆ ಸಿಕ್ಕವನಿಗೆ ಔರಂಗಜೇಬ ಏನು ಮಾಡುತ್ತಾನೆಂಬುದು ಆರು ತಿಂಗಳ ಹಿಂದಷ್ಟೇ ಗೊತ್ತಾಗಿತ್ತು. ಬಿಜಾಪುರ, ಗೋಲ್ಕೊಂಡದಂಥ ದೊಡ್ಡ ರಾಜ್ಯಗಳೇ ಉಳಿದಿರಲಿಲ್ಲ. ನಾನು ಬ್ಯಾಂಕಿನಲ್ಲಿದ್ದಾಗ ಗಮನಿಸುತ್ತಿದ್ದೆ, ಸಾಲ ತೆಗೆದುಕೊಳ್ಳುವವನು ನಗುನಗುತ್ತಾ ರುಜು ಹಾಕುತ್ತಿದ್ದ, ಜಾಮೀನುದಾರನ ಕೈ ನಡುಗುತ್ತಿತ್ತು. ಚೆನ್ನಮ್ಮಾಜಿ ಜಾಮೀನು ಹಾಕಿದ್ದು ಇಡೀ ರಾಜ್ಯವನ್ನೇ ಅಡವಿಟ್ಟು. ರಾಜಾರಾಮನಿಗೆ ಆಶ್ರಯ ಕೊಟ್ಟಳು, ತನ್ನ ಸೀಮೆ ದಾಟಿಸಿ ಮುಂದಕ್ಕೆ ಕಳಿಸಿದಳು.

ಅದರ ಬೆಲೆ ತೆರಬೇಕಾಗಿ ಬಂತು. ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಂತು. ಮಲೆನಾಡಿನ ಕಾಡಿನಲ್ಲಿ ಮೊಗಲರು ಸೋತು ಸಂಧಿಗೆ ಒಪ್ಪಿದರು ಎಂಬುದು ನಮ್ಮ ಕಡೆಯ ಮಾತು. ರಾಣಿ ಒಂದಿಷ್ಟು ಕಾಣಿಕೆ ಕೊಟ್ಟು ಶಾಂತಿ ಮಾಡಿಕೊಂಡಳು ಎಂಬುದು ಮೊಗಲರ ಕಡೆಯ ಮಾತು. ಸೋತೆವೆಂದು ಯಾರೂ ಬರೆಸುವುದಿಲ್ಲ ಬಿಡಿ! ಎರಡರಲ್ಲೂ ಒಂದು ಸಂಗತಿ ಸಮ. ಕೆಳದಿ ಉಳಿಯಿತು, ರಾಜಾರಾಮ ಅವರ ಕೈಗೆ ಸಿಗಲಿಲ್ಲ.

ಮುಂದಿನ ದಾರಿ ಬೆಂಗಳೂರಿನ ಮೇಲೆ. ಅಲ್ಲಿ ನಡೆದದ್ದನ್ನು ಮರಾಠರ ಕಥನಗಳು ಸ್ವಾರಸ್ಯವಾಗಿ ಹೇಳುತ್ತವೆ. ಧರ್ಮಶಾಲೆಯಲ್ಲಿ ಇಳಿದುಕೊಂಡಾಗ ಸಂಗಡಿಗರು ಅಭ್ಯಾಸಬಲದಿಂದ ರಾಜಾರಾಮನ ಕಾಲು ತೊಳೆದರಂತೆ. ನೋಡಿದವರಿಗೆ ಸಂಶಯ ಬಂತು. ಎಲ್ಲರೂ ಬಡ ಯಾತ್ರಿಕರಾದರೆ ಒಬ್ಬನ ಕಾಲನ್ನು ಇನ್ನೊಬ್ಬ ಯಾಕೆ ತೊಳೆಯುತ್ತಾನೆ? ವಿಷಯ ತಿಳಿದ ಕೂಡಲೇ ರಾಜಾರಾಮನನ್ನು ಬೇರೆ ದಾರಿಯಲ್ಲಿ ಕಳಿಸಿ, ಖಂಡೋ ಬಲ್ಲಾಳ ಮತ್ತು ಕೆಲವರು ಅಲ್ಲೇ ಉಳಿದು ಸಿಕ್ಕಿಬಿದ್ದರು. ಎಷ್ಟು ಹಿಂಸೆ ಕೊಟ್ಟರೂ ನಾವು ಯಾತ್ರಿಕರು ಎಂಬ ಮಾತು ಬಿಟ್ಟು ಬೇರೆ ಮಾತು ಅವರ ಬಾಯಿಂದ ಹೊರಡಲಿಲ್ಲವಂತೆ. ಇದೇ ಬೆಂಗಳೂರು ಹಿಂದೆ ರಾಜಾರಾಮನ ಅಜ್ಜ ಶಹಾಜಿಯ ಜಹಗೀರಾಗಿತ್ತು. ಆ ಅಜ್ಜನ ಸಮಾಧಿಯೂ ನಮ್ಮಿಂದ ದೂರವಿಲ್ಲ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು 1664ರಲ್ಲಿ ತೀರಿಕೊಂಡ. ಅಜ್ಜ ಮೆರೆದ ಊರಿನಲ್ಲಿ ಮೊಮ್ಮಗ ಹೆಸರು ಮರೆಸಿಕೊಂಡು ಮಲಗಬೇಕಾಯಿತು.

ನವೆಂಬರಿನಲ್ಲಿ ರಾಜಾರಾಮ ಜಿಂಜಿ ಮುಟ್ಟಿದ. ಮೊಗಲರು ಅಲ್ಲಿಗೂ ಬಂದು ಮುತ್ತಿಗೆ ಹಾಕಿದರು. ಕೋಟೆ ಬೀಳುವಷ್ಟರಲ್ಲಿ 1698 ಬಂದಿತ್ತು. ಅಷ್ಟು ವರ್ಷ ಬಾದಶಹನ ದೊಡ್ಡ ಸೈನ್ಯವೊಂದು ಆ ಗುಡ್ಡದ ಕೆಳಗೇ ಕೂತಿತ್ತು. ಇತ್ತ ಸಂತಾಜಿ ಘೋರ್ಪಡೆ, ಧನಾಜಿ ಜಾಧವ ಮೊಗಲರನ್ನು ನಿದ್ದೆ ಮಾಡಲು ಬಿಡಲಿಲ್ಲ. ರಾಜಾರಾಮ ಸ್ವತಃ ದೊಡ್ಡ ಯೋಧನಲ್ಲ. ಸಂತಾಜಿಯಂಥ ಸೇನಾಪತಿಯೊಡನೆ ಮನಸ್ಸು ಕೆಡಿಸಿಕೊಂಡದ್ದು ಅವನ ತಪ್ಪೇ. ಆದರೂ ಯಾರ ಹೆಸರಿನಲ್ಲಿ ಹೋರಾಡುವುದು ಎಂದು ಆ ಸೈನಿಕರು ಕೇಳಿಕೊಂಡಾಗ ತೋರಿಸಲು ಒಬ್ಬ ಬದುಕಿದ್ದ. ಇಷ್ಟು ಮಾತ್ರ ಅವನು ಮಾಡಿದ್ದು ಮಗಾ, ಸಿಗದೆ ಉಳಿದದ್ದು.

ಜಿಂಜಿಯಿಂದಲೂ ತಪ್ಪಿಸಿಕೊಂಡು ಊರಿಗೆ ಮರಳಿದ. 1700ರ ಮಾರ್ಚ್‌ನಲ್ಲಿ ಸಿಂಹಗಡದಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತು ವರ್ಷ. ಹೆಂಡತಿ ತಾರಾಬಾಯಿ ಹೋರಾಟ ಮುಂದುವರಿಸಿದಳು. ಔರಂಗಜೇಬ ದೆಹಲಿಯನ್ನು ಮತ್ತೆ ನೋಡಲೇ ಇಲ್ಲ, 1707ರಲ್ಲಿ ಅಹಮದ್‌ನಗರದ ಬಳಿ ಸತ್ತ. ಅದೇ ವರ್ಷ ಶಾಹುವಿಗೆ ಬಿಡುಗಡೆಯಾಯಿತು. ಅತ್ತಿಗೆ ಏಸೂಬಾಯಿ ಮನೆಗೆ ಬಂದದ್ದು 1719ರಲ್ಲಿ. ಮೈದುನನನ್ನು ಕೋಟೆಯಿಂದ ಕಳಿಸಿ ಆಗಲೇ ಮೂವತ್ತು ವರ್ಷ ಕಳೆದಿತ್ತು.

ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಜ್ಜ, ಬೆಂಗಳೂರಿನಲ್ಲಿ ಸಿಕ್ಕಿಬಿದ್ದರಲ್ಲ, ಅವರದ್ದು ಎಲ್ಲಿ ಕೆತ್ತಿದ್ದಾರೆ?"

ಮುಂದಿನ ರಜೆಗೆ ಕವಲೆದುರ್ಗ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ನನ್ನ ಮಂಡಿ ಒಪ್ಪಬೇಕು.