ಬೆಂಬಲವೆಂದರೆ ಶರಣಾಗತಿಯಲ್ಲ

ಎರಡು ಕೆಡುಕುಗಳು ಎದುರಾದಾಗ ಹಗುರವಾದುದನ್ನು ಆರಿಸಿಕೊಳ್ಳಬೇಕೆಂಬುದು ಇಸ್ಲಾಮೀ ಕರ್ಮಶಾಸ್ತ್ರದ ಒಂದು ನಿಯಮ. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ರಾನ್ಸಿನ ಪ್ರಗತಿಪರರ ಮುಂದಿದ್ದುದೂ ಇಂಥದೇ ಸಂದಿಗ್ಧ. ಸುಮಾರು 22 ಶೇಕಡಾ ಮತ ಪಡೆದ ಎಡಪಂಥೀಯ ಮೆಲಾಂಶೋನ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಸಾರ್ವಜನಿಕ ಸ್ಥಳಗಳಲ್ಲಿ ಶಿರವಸ್ತ್ರವನ್ನು ನಿಷೇಧಿಸುವೆನೆಂದ ಮರೀನ್ ಲೆ ಪೆನ್‌ರನ್ನು ತಡೆಯಲು ಅವರ ಬೆಂಬಲಿಗರಲ್ಲಿ ಅನೇಕರು ಮಧ್ಯಪಂಥೀಯ ಮ್ಯಾಕ್ರೋನ್‌ರಿಗೆ ಮತ ನೀಡಿದರು. 58.5 ಶೇಕಡಾ ಮತ ಪಡೆದು ಗೆದ್ದ ಅವರ ಸರಕಾರವೇ ಮರುವರ್ಷ ಸರಕಾರಿ ಶಾಲೆಗಳಲ್ಲಿ ಅಬಾಯಾವನ್ನು ನಿಷೇಧಿಸಿತು.

ಹಾಗೆಂದು ಮತ ನೀಡಿದ್ದು ತಪ್ಪೆನ್ನಲಾಗದು. ಲೆ ಪೆನ್ ಗೆದ್ದಿದ್ದರೆ ನಿಷೇಧವು ಶಾಲೆಯ ಗೇಟು ದಾಟಿ ಬೀದಿಗೂ ಬರುವ ಅಪಾಯವಿತ್ತು. ಆದರೆ ಭಯದಿಂದ ಬಿದ್ದ ಮತಕ್ಕೆ ಗೆದ್ದವರು ಬೆಲೆ ಕೊಡುವುದಿಲ್ಲ. ಆದ್ದರಿಂದ ಮಧ್ಯಪಂಥೀಯರನ್ನು ಬೆಂಬಲಿಸಬೇಕಾಗಿ ಬಂದಲ್ಲಿ ಬೆಂಬಲಿಸೋಣ. ಬೇಡಿಕೆಗಳನ್ನು ಮತದಾನಕ್ಕೆ ಮೊದಲೇ ಮುಂದಿಡೋಣ, ಗೆದ್ದ ಮರುದಿನದಿಂದಲೇ ಲೆಕ್ಕ ಕೇಳೋಣ.