ಮತಪೆಟ್ಟಿಗೆ ಯಾರನ್ನು ಕಾಯಿತು?

‘ನ್ಯಾಯಾಧೀಶರನ್ನೂ ಜನರೇ ಆರಿಸಲಿ, ಅಮೆರಿಕದಲ್ಲಿ ಹಾಗೇ ಇದೆ.’ ನಮ್ಮಲ್ಲಿ ಕೊಲಿಜಿಯಂ ವಿವಾದ ಎದ್ದಾಗಲೆಲ್ಲ ಈ ಸಲಹೆಯೂ ಬೆನ್ನಿಗೇ ಏಳುತ್ತದೆ. ಸಲಹೆ ಕೊಡುವವರು ಅಮೆರಿಕದ ಹೆಸರೆತ್ತಿ ಸುಮ್ಮನಾಗುತ್ತಾರೆ. ಯಾವ ರಾಜ್ಯ, ಯಾವ ಕೋರ್ಟು, ಯಾವ ನ್ಯಾಯಾಧೀಶ ಎಂಬ ವಿವರಕ್ಕೆ ಇಳಿಯುವುದಿಲ್ಲ. ಆ ಕೆಲಸ ನಾನು ಮಾಡುತ್ತೇನೆ: ಪೆನ್ಸಿಲ್ವೇನಿಯಾ ರಾಜ್ಯ, ಲುಝರ್ನ್ ಕೌಂಟಿಯ ವಿಚಾರಣಾ ನ್ಯಾಯಾಲಯ, ನ್ಯಾಯಾಧೀಶ ಮಾರ್ಕ್ ಸಿಯಾವರೆಲ್ಲಾ. 1995ರಲ್ಲಿ ಚುನಾವಣೆ ಗೆದ್ದು ಹತ್ತು ವರ್ಷದ ಅವಧಿಗೆ ಪೀಠವೇರಿದವರು. ಬಾಲಾಪರಾಧಿಗಳ ಪ್ರಕರಣಗಳು ಇವರ ಕೈಯಲ್ಲಿದ್ದವು. ವಾದಗಳನ್ನು ಇವರ ಮೇಲೇ ಒರೆಗೆ ಹಚ್ಚೋಣ, ತೀರ್ಪು ಓದುಗರದು.

ಮೊದಲ ವಾದ: ದಾರಿ ತಪ್ಪಿದ ನ್ಯಾಯಾಧೀಶರನ್ನು ಮತದಾರ ಮನೆಗೆ ಕಳಿಸುತ್ತಾನೆ. ಕಳಿಸಿದನೇ? 2002ರಲ್ಲಿ ಸಿಯಾವರೆಲ್ಲಾ ಅವರ ಸಹೋದ್ಯೋಗಿ, ಆ ಕೋರ್ಟಿನ ಮುಖ್ಯ ನ್ಯಾಯಾಧೀಶ ಮೈಕಲ್ ಕೊನಾಹನ್, ಕೌಂಟಿಯ ಸ್ವಂತ ಬಾಲಬಂಧನಗೃಹವನ್ನು ಮುಚ್ಚಿಸಿದರು. ಮರುವರ್ಷ ಖಾಸಗಿಯವರದು ಬಾಗಿಲು ತೆರೆಯಿತು. ಅದನ್ನು ಕಟ್ಟಿದ ಬಿಲ್ಡರ್‌ನಿಂದ ಸುಮಾರು ಹತ್ತು ಲಕ್ಷ ಡಾಲರ್ 2003ರ ಜನವರಿಯಲ್ಲೇ ಹರಿದುಬಂತು. ಇಬ್ಬರು ನ್ಯಾಯಾಧೀಶರಿಗೂ ಸೇರಿ ಸಂದ ಮೊತ್ತ ಕೊನೆಗೆ ಸುಮಾರು 28 ಲಕ್ಷ ಡಾಲರ್ ಮುಟ್ಟಿತು. ಹಣ ಬಂದ ಎರಡು ವರ್ಷಕ್ಕೆ, 2005ರಲ್ಲಿ, ಸಿಯಾವರೆಲ್ಲಾ ಮತ್ತೆ ಮತದಾರರ ಮುಂದೆ ನಿಂತರು. ಅವರನ್ನು ಮತದಾರರು ಉಳಿಸಿಕೊಂಡರು.

‘ಜನರಿಗೆ ವಿಷಯ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ತಕ್ಷಣ ಬರುತ್ತದೆ. ನಿಜ, ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ: ಅಲ್ಲಿ ಬಾಲನ್ಯಾಯಾಲಯದ ವಿಚಾರಣೆ ಸಾಮಾನ್ಯವಾಗಿ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಇನ್ನು ಎರಡನೇ ಅವಧಿಯ ಮತದಾನದಲ್ಲಿ ಎದುರಾಳಿಯೇ ಇರುವುದಿಲ್ಲ. ಉಳಿಸಬೇಕೆ, ಬೇಡವೆ ಎಂಬ ಪ್ರಶ್ನೆಯೊಂದೇ. ಕಾಣದ ಕೆಲಸಕ್ಕೆ, ಎದುರಾಳಿಯಿಲ್ಲದ ಕಣದಲ್ಲಿ, ಹತ್ತು ವರ್ಷಕ್ಕೊಮ್ಮೆ ಅಂಕ ಹಾಕುವುದನ್ನು ‘ಜನರ ಕಾವಲು’ ಎನ್ನಲು ಒಂದಿಷ್ಟು ಧೈರ್ಯ ಬೇಕು.

ಎರಡನೆಯದು ಇದಕ್ಕಿಂತ ಗಟ್ಟಿಯಾದ ವಾದ: ಓಟಿನ ಭಯ ನ್ಯಾಯಾಧೀಶರನ್ನು ನೆಟ್ಟಗಿಡುತ್ತದೆ. ಭಯ ಇರುವುದು ಖಂಡಿತ. ಅದು ಯಾವ ಕಡೆಗೆ ತಳ್ಳುತ್ತದೆ ಎಂಬುದಷ್ಟೇ ಪ್ರಶ್ನೆ. ಇದೇ ಪೆನ್ಸಿಲ್ವೇನಿಯಾದ ವಿಚಾರಣಾ ನ್ಯಾಯಾಧೀಶರ ಶಿಕ್ಷೆಗಳನ್ನು ಗ್ರೆಗರಿ ಹ್ಯೂಬರ್ ಮತ್ತು ಸ್ಯಾನ್‌ಫರ್ಡ್ ಗಾರ್ಡನ್ ಎಂಬ ರಾಜ್ಯಶಾಸ್ತ್ರಜ್ಞರು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದರು. ಮತದಾನ ಹತ್ತಿರವಾದಂತೆ ಜೈಲುವಾಸ ಉದ್ದವಾಗುತ್ತಿತ್ತು. ಅಪರಾಧ ಅದೇ, ಕಾನೂನು ಅದೇ, ಬದಲಾದದ್ದು ಕ್ಯಾಲೆಂಡರ್.

ಸಿಯಾವರೆಲ್ಲಾ ಅವರ ಜನಪ್ರಿಯತೆಯ ಬಂಡವಾಳವೂ ಈ ನಿಷ್ಠುರತೆಯೇ. ಶಾಲೆಗಳು ಅವರನ್ನು ಭಾಷಣಕ್ಕೆ ಕರೆಯುತ್ತಿದ್ದವು. ಹುಡುಗರನ್ನು ‘ಸರಿದಾರಿಗೆ’ ತರುವವರೆಂದು ಹೆಸರು. ಉಪಪ್ರಾಂಶುಪಾಲರನ್ನು ಗೇಲಿ ಮಾಡಿ ಮೈಸ್ಪೇಸ್‌ನಲ್ಲಿ ಪುಟ ತೆರೆದ ಬಾಲಕಿಗೆ ಮೂರು ತಿಂಗಳು ವಿಧಿಸಿದರು. ಮಕ್ಕಳಿಗೂ ವಕೀಲರನ್ನು ಹೊಂದುವ ಹಕ್ಕಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಇವರ ಮುಂದೆ ನಿಂತ ಅದೆಷ್ಟೋ ಮಕ್ಕಳ ಪಕ್ಕದಲ್ಲಿ ವಕೀಲರೇ ಇರಲಿಲ್ಲ. ಓಟಿನ ಭಯ ಇವರಿಗೇಕೆ ತಟ್ಟಲಿಲ್ಲ? ಕಟಕಟೆಯಲ್ಲಿದ್ದ ಮಕ್ಕಳಿಗೆ ಓಟೇ ಇರಲಿಲ್ಲ. ಈ ಸಣ್ಣ ಸಂಗತಿಗೆ ಚುನಾವಣಾವಾದಿಗಳಿಂದ ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ಮೂರನೆಯದು: ನೇಮಕಗೊಂಡವರು ನೇಮಿಸಿದವರ ಋಣದಲ್ಲಿರುತ್ತಾರೆ, ಗೆದ್ದವರು ಸ್ವತಂತ್ರರು. ಪ್ರಚಾರದ ಖರ್ಚು ಆಕಾಶದಿಂದ ಉದುರುತ್ತದೆಯೇ? ಪಶ್ಚಿಮ ವರ್ಜೀನಿಯಾದಲ್ಲಿ 2004ರಲ್ಲಿ ಕಲ್ಲಿದ್ದಲು ಕಂಪನಿಯೊಂದರ ಮುಖ್ಯಸ್ಥ, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಅಭ್ಯರ್ಥಿಯೊಬ್ಬರ ಗೆಲುವಿಗೆ ಸುಮಾರು 30 ಲಕ್ಷ ಡಾಲರ್ ಸುರಿದ. ಅವನ ಕಂಪನಿಯ ವ್ಯಾಜ್ಯ ಅದೇ ನ್ಯಾಯಾಲಯಕ್ಕೆ ಬರುವುದರಲ್ಲಿತ್ತು. ಗೆದ್ದ ಆ ನ್ಯಾಯಮೂರ್ತಿ ಆ ಮೊಕದ್ದಮೆಯಲ್ಲಿ ಕೂರಬಾರದಿತ್ತು ಎಂದು 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಷ್ಟು ಸಾಕು.

ಕೊನೆಯ ಆಸರೆ: ಇದು ಒಬ್ಬಿಬ್ಬರ ತಪ್ಪು, ವ್ಯವಸ್ಥೆಯೇ ಅವರನ್ನು ಹಿಡಿಯಿತಲ್ಲ. ಯಾವ ವ್ಯವಸ್ಥೆ? ಮಕ್ಕಳ ಪರ ವಕೀಲರು ಅರ್ಜಿ ಹಿಡಿದು ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. ಅಲ್ಲಿನ ನ್ಯಾಯಮೂರ್ತಿಗಳೂ ಚುನಾಯಿತರೇ. 2009ರ ಜನವರಿಯ ಆರಂಭದಲ್ಲಿ ಅರ್ಜಿ ತಿರಸ್ಕೃತವಾಯಿತು. ಅದೇ ತಿಂಗಳ ಕೊನೆಗೆ ಫೆಡರಲ್ ಪ್ರಾಸಿಕ್ಯೂಟರ್‌ಗಳು ಆರೋಪ ಹೊರಿಸಿದ ಮೇಲೆಯೇ ಆ ನ್ಯಾಯಾಲಯಕ್ಕೆ ಎಚ್ಚರವಾಗಿ, ಸಾವಿರಾರು ಪ್ರಕರಣಗಳು ರದ್ದಾದವು. ಸಿಯಾವರೆಲ್ಲಾ ತಪ್ಪೊಪ್ಪಿಕೊಂಡು 87 ತಿಂಗಳ ಶಿಕ್ಷೆಗೆ ಒಪ್ಪಂದ ಮಾಡಿಕೊಂಡಿದ್ದರು. ಅದನ್ನು ತಳ್ಳಿಹಾಕಿ, ಜ್ಯೂರಿ ವಿಚಾರಣೆಯ ನಂತರ 2011ರಲ್ಲಿ 28 ವರ್ಷ ವಿಧಿಸಿದವರು ಫೆಡರಲ್ ನ್ಯಾಯಾಧೀಶ ಎಡ್ವಿನ್ ಕೋಸಿಕ್. ಅವರು ಆಜೀವ ನೇಮಕದವರು. ಆ ಪೀಠಕ್ಕಾಗಿ ಒಬ್ಬರ ಬಳಿಯೂ ಓಟು ಕೇಳಿದವರಲ್ಲ.