ಹಾಜಬ್ಬರ ಪಾಠದಲ್ಲಿ ತಾಳೆಯಾಗದ ಲೆಕ್ಕ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ಆರನೇ ತರಗತಿಗೆ ಗಣಿತ ಪಾಠ ಮಾಡುವಾಗ ನಾನು ಹರೇಕಳ ಹಾಜಬ್ಬರ ಕತೆಯನ್ನು ಬಳಸಿಕೊಂಡೆ. ನಮ್ಮದೇ ಊರಿನ ಉದಾಹರಣೆ ಇರಲಿ, ಗಣಿತದ ಜೊತೆ ಮೌಲ್ಯಶಿಕ್ಷಣವೂ ಸೇರಲಿ ಎಂಬುದು ಪಾಠಯೋಜನೆ ಬರೆಯುವಾಗ ಇದ್ದ ಯೋಚನೆ. ಲೆಕ್ಕ ಸರಳವಾಗಿತ್ತು. ಕಿತ್ತಳೆ ಮಾರುವವರೊಬ್ಬರಿಗೆ ದಿನಕ್ಕೆ 150 ರೂಪಾಯಿ ಸಿಗುತ್ತದೆ. ಅದರಲ್ಲಿ 50 ರೂಪಾಯಿ ಉಳಿಸುತ್ತಾರೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 300 ದಿನ ವ್ಯಾಪಾರವಾದರೆ 20 ವರ್ಷಗಳಲ್ಲಿ ಉಳಿಯುವ ಹಣ ಎಷ್ಟು?

ಮಕ್ಕಳು ಬೇಗ ಮಾಡಿ ಮುಗಿಸಿದರು. ವರ್ಷಕ್ಕೆ 15,000, 20 ವರ್ಷಕ್ಕೆ 3 ಲಕ್ಷ. "ಹೀಗೆ ಉಳಿಸಿ ಉಳಿಸಿ ಅವರು ಶಾಲೆ ಕಟ್ಟಿದರು" ಎಂದು ನಾನು ಪಾಠ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಗಾರೆ ಕೆಲಸದವರು. "ಟೀಚರ್, ಮೂರು ಲಕ್ಷಕ್ಕೆ ಶಾಲೆ ಆಗುದಿಲ್ಲ. ಎರಡು ಕೋಣೆಯ ಮನೆಯೂ ಆಗುದಿಲ್ಲ" ಎಂದ. ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಲೆಕ್ಕಕ್ಕೆ ಹೋದೆ. ನನ್ನ ಅವಲೋಕನ ಪುಸ್ತಕದಲ್ಲಿ ಆ ದಿನ "ಮೌಲ್ಯದ ಜೋಡಣೆ ಚೆನ್ನಾಗಿದೆ" ಎಂಬ ಷರಾ ಬಿತ್ತು.

ಷರಾ ಓದಿ ಸಂತೋಷವಾದರೂ ಹುಡುಗನ ಮಾತು ಬಿಡಲಿಲ್ಲ. ಅವನ ಲೆಕ್ಕವೇ ಸರಿ. ದಿನಕ್ಕೆ 150 ರೂಪಾಯಿ ದುಡಿಯುವವರ ಉಳಿತಾಯದಿಂದ ಮಾತ್ರ ಒಂದು ಶಾಲೆ ಏಳುವುದಿಲ್ಲ. ಹಾಗಾದರೆ ಹರೇಕಳದ ನ್ಯೂಪಡ್ಪುವಿನ ಶಾಲೆ ಎದ್ದದ್ದು ಹೇಗೆ? ಇದನ್ನು ನಾವು ಪಾಠದಲ್ಲಿ ಹೇಳುವುದೇ ಇಲ್ಲ ಎಂಬುದು ನನ್ನ ತಕರಾರು.

ಕತೆಯ ಆರಂಭ ನಮಗೆಲ್ಲ ಬಾಯಿಪಾಠ. ಮಂಗಳೂರಿನ ಬಸ್ ನಿಲ್ದಾಣದ ಬಳಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬರ ಹತ್ತಿರ ವಿದೇಶಿ ದಂಪತಿ ಬಂದು ಹಣ್ಣಿನ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಉತ್ತರ ಹೇಳಲಾಗಲಿಲ್ಲ, ಬಂದವರು ಹೊರಟುಹೋದರು. ತನಗಾದ ಅವಮಾನ ಊರಿನ ಮಕ್ಕಳಿಗೆ ಆಗಬಾರದು ಎಂದು ಅವರು ನಿಶ್ಚಯಿಸಿದರು. ಕತೆಯ ಕೊನೆಯೂ ಬಾಯಿಪಾಠ. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್‌ನಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ರಾಷ್ಟ್ರಪತಿಯವರಿಂದ ಪ್ರಶಸ್ತಿ ಪಡೆದರು.

ಈ ಎರಡು ಚಿತ್ರಗಳ ನಡುವಿನ ವರ್ಷಗಳು ನಮ್ಮ ಪಾಠಗಳಲ್ಲಿ "ತ್ಯಾಗ" ಎಂಬ ಒಂದು ಶಬ್ದದಲ್ಲಿ ಮುಗಿದುಹೋಗುತ್ತವೆ. ನಿಜವಾಗಿ ನಡೆದದ್ದು ಬೇರೆ. ತನ್ನ ಉಳಿತಾಯವನ್ನು ಹಾಜಬ್ಬರು ಹಾಕಿದ್ದು ಹೌದು. ಅದರ ಜೊತೆಗೆ ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಅಂದಿನ ಶಾಸಕ ಯು.ಟಿ. ಫರೀದ್ ಅವರ ಬೆನ್ನು ಹಿಡಿದರು. 2000ದ ಹೊತ್ತಿಗೆ ಊರಿಗೆ ಶಾಲೆ ಮಂಜೂರಾಯಿತು. ಮೊದಲ ತರಗತಿಗಳು ನಡೆದದ್ದು ಊರಿನ ಮದರಸದಲ್ಲಿ, 28 ಮಕ್ಕಳೊಂದಿಗೆ. ಬಳಿಕ ಸುಮಾರು ಒಂದು ಎಕರೆ ಜಾಗ ಸಿಕ್ಕಿತು, ಕಟ್ಟಡ ಬಂತು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ದಾನಿಗಳು ಕೈಜೋಡಿಸಿದರು. ತನಗೆ ಬಂದ ಪ್ರಶಸ್ತಿಗಳ ಹಣವನ್ನೂ ಅವರು ಶಾಲೆಗೇ ಹಾಕಿದರು. ಪ್ರಾಥಮಿಕ ಶಾಲೆ ಮುಂದೆ ಪ್ರೌಢಶಾಲೆಯವರೆಗೆ ಬೆಳೆಯಿತು. ಪದ್ಮಶ್ರೀ ಬಂದ ಮೇಲೂ ಅವರು ಕೇಳುತ್ತಿದ್ದುದು ಊರಿಗೊಂದು ಪದವಿಪೂರ್ವ ಕಾಲೇಜನ್ನು.

ಇಲ್ಲಿ ಒಂದು ಅಂಶವನ್ನು ನಾವು ಗಮನಿಸಬೇಕು. ಜನ ಅದನ್ನು "ಹಾಜಬ್ಬರ ಶಾಲೆ" ಎಂದೇ ಕರೆಯುತ್ತಾರೆ, ಆದರೆ ಅದು ಹಾಜಬ್ಬರದ್ದಲ್ಲ. ಅದು ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಶಾಲೆ. ಅವರು ಟ್ರಸ್ಟ್ ಮಾಡಿ ತನ್ನ ಹೆಸರಿನಲ್ಲಿ ಸಂಸ್ಥೆ ನಡೆಸಲಿಲ್ಲ. ಸರಕಾರ ಕೊಡಬೇಕಾದ್ದನ್ನು ಸರಕಾರದಿಂದಲೇ ಕೇಳಿ ಪಡೆದರು, ಕೊರತೆ ಬಿದ್ದಲ್ಲಿ ತನ್ನ ಬುಟ್ಟಿಯ ದುಡ್ಡು ಸೇರಿಸಿದರು. ಇದನ್ನು ದಾನ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಉಳಿದರ್ಧ, ಒಬ್ಬ ನಾಗರಿಕನ ಬೇಡಿಕೆ.

ಅದು ಎಂಥ ಕಾಲ ಎಂಬುದನ್ನೂ ನೆನಪಿಡೋಣ. ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ ಸಂವಿಧಾನದ ತಿದ್ದುಪಡಿ ಬಂದದ್ದು 2002ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಐದನೇ ತರಗತಿವರೆಗಿನ ಮಗುವಿಗೆ 1 ಕಿಲೋಮೀಟರ್ ಒಳಗೆ, ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬ ಕೇಂದ್ರದ ನಿಯಮವನ್ನು ನಾವು ಪರೀಕ್ಷೆಗೆ ಓದುತ್ತೇವೆ. ಆ ನಿಯಮಕ್ಕೆ ಹತ್ತು ವರ್ಷ ಮೊದಲೇ, ಅಕ್ಷರ ಬಾರದ ಹಣ್ಣಿನ ವ್ಯಾಪಾರಿಯೊಬ್ಬರು ಅದನ್ನೇ ಕೇಳಿದ್ದರು.

ಮಂಗಳೂರಿಗೆ ಶಾಲೆ ಕಟ್ಟಿದ ಹಿರಿಯರು ಹೊಸಬರಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದರು. ಮರುವರ್ಷ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜನರ ಬಹಿಷ್ಕಾರ ಎದುರಿಸಿದರು. ಇಬ್ಬರೂ ವಕೀಲರು. ಶಾಲೆ ಎಂದರೇನು ಎಂದು ಒಳಗಿನಿಂದ ಬಲ್ಲವರು. ಹಾಜಬ್ಬರು ಶಾಲೆಯನ್ನು ಹೊರಗಿನಿಂದ ಮಾತ್ರ ನೋಡಿದವರು. ಅದಿಲ್ಲದೆ ಏನಾಗುತ್ತದೆ ಎಂಬುದು ಅವರಿಗೆ ವ್ಯಾಪಾರದ ನಡುವೆ, ಒಂದು ಬೆಲೆ ಹೇಳಲಾಗದ ಕ್ಷಣದಲ್ಲಿ ತಿಳಿಯಿತು.

ತ್ಯಾಗ ಒಂದು ಮೌಲ್ಯವಲ್ಲವೇ, ಮಕ್ಕಳಿಗೆ ಅದನ್ನು ಹೇಳಿಕೊಟ್ಟರೆ ತಪ್ಪೇನು ಎಂದು ಸಹಪಾಠಿಯೊಬ್ಬಳು ನನ್ನಲ್ಲಿ ಕೇಳಿದಳು. ತಪ್ಪಿಲ್ಲ. ಆದರೆ ತ್ಯಾಗವನ್ನು ಮಾತ್ರ ಹೇಳಿದರೆ ಎರಡು ತೊಂದರೆಗಳಿವೆ. ಒಂದು, ಮಕ್ಕಳು ಹಾಜಬ್ಬರನ್ನು ಗೋಡೆಯ ಮೇಲಿನ ಪಟದಂತೆ ನೋಡಿ ಕೈಮುಗಿಯುತ್ತಾರೆ, ತಮ್ಮಿಂದ ಆಗುವ ಕೆಲಸ ಎಂದು ನೋಡುವುದಿಲ್ಲ. ಇನ್ನೊಂದು ಅದಕ್ಕಿಂತ ದೊಡ್ಡದು. ಊರಿಗೆ ಶಾಲೆ ಬರುವುದು ಒಬ್ಬ ಪುಣ್ಯಾತ್ಮ ಹುಟ್ಟಿದರೆ ಮಾತ್ರ ಎಂದು ಅವರು ತಿಳಿಯುತ್ತಾರೆ. ತರಗತಿಯಲ್ಲಿ ಹಣ್ಣು, ಮೀನು, ಹೂ ಮಾರುವವರ ಮಕ್ಕಳೂ ಇರುತ್ತಾರೆ. ಇರುವ ಅಲ್ಪ ಗಳಿಕೆಯನ್ನೂ ಕೊಟ್ಟುಬಿಡುವುದೇ ದೊಡ್ಡತನ ಎಂದು ಅವರಿಗೆ ಹೇಳಲು ನನಗೆ ಯಾವ ಅಧಿಕಾರವಿದೆ?

ಆದ್ದರಿಂದ ಪ್ರಶಿಕ್ಷಣಾರ್ಥಿ ಗೆಳೆಯರಲ್ಲಿ ನನ್ನ ಸಲಹೆ ಇಷ್ಟೇ. ಹಾಜಬ್ಬರ ಪಾಠ ಮಾಡುವಾಗ ಉದ್ದೇಶದ ಕಾಲಂನಲ್ಲಿ "ತ್ಯಾಗ ಗುಣವನ್ನು ಮೆಚ್ಚುವರು" ಎಂದು ಬರೆದು ನಿಲ್ಲಿಸುವುದು ಬೇಡ. "ತಮ್ಮ ಊರಿಗೆ ಬೇಕಾದುದನ್ನು ಯಾರಲ್ಲಿ, ಹೇಗೆ ಕೇಳಬೇಕೆಂದು ತಿಳಿಯುವರು" ಎಂದೂ ಬರೆಯೋಣ. ಭಾಷಾ ತರಗತಿಯಲ್ಲಿ ಮಕ್ಕಳು ಗ್ರಾಮ ಪಂಚಾಯತಿಗೆ ಅರ್ಜಿ ಬರೆಯಲಿ. ಸಮಾಜ ವಿಜ್ಞಾನದಲ್ಲಿ ಆ ಅರ್ಜಿ ಯಾವ ಮೇಜಿಗೆ ಹೋಗುತ್ತದೆ ಎಂದು ಹುಡುಕಲಿ. ಗಣಿತದಲ್ಲಿ ಒಂದು ಕೋಣೆಗೆ ಎಷ್ಟು ಸಿಮೆಂಟ್, ಎಷ್ಟು ಕಲ್ಲು ಬೇಕೆಂದು ಅಂದಾಜು ಮಾಡಲಿ. ನಮ್ಮ ಮಾರ್ಗದರ್ಶಕರೂ ಷರಾ ಬರೆಯುವಾಗ ಮಕ್ಕಳು ಎತ್ತಿದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಗುರುತಿಸಿದರೆ ನಮಗೆ ದಾರಿ ಕಾಣುತ್ತದೆ.

ಮೂರನೇ ವಾರ ಅದೇ ತರಗತಿಗೆ ಹೋದಾಗ ನನ್ನ ಹಿಂದಿನ ಲೆಕ್ಕ ಅಪೂರ್ಣವಾಗಿತ್ತೆಂದು ಒಪ್ಪಿಕೊಂಡೆ. ಉಳಿದ ಹಣ ಎಲ್ಲಿಂದ ಬಂತು, ಅದಕ್ಕಾಗಿ ಯಾರು ಯಾರನ್ನು ಕೇಳಬೇಕಾಯಿತು ಎಂದು ವಿವರಿಸಿದೆ. ಆ ಹುಡುಗ ಗಮನವಿಟ್ಟು ಕೇಳಿದ. ಆಮೇಲೆ, "ಹಾಗಾದ್ರೆ ನಮ್ಮ ಶಾಲೆಯನ್ನು ಕೇಳಿದ್ದು ಯಾರು ಟೀಚರ್?" ಎಂದ. ನನಗೆ ತಿಳಿದಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ, ಅವರು ಹಳೆಯ ದಾಖಲೆ ಪುಸ್ತಕ ತೆಗೆಸುವುದಾಗಿ ಹೇಳಿದ್ದಾರೆ. ಅಭ್ಯಾಸ ಬೋಧನೆ ಮುಗಿಯಲು ಇನ್ನೂ ಎರಡು ವಾರ ಇದೆ. ಅಷ್ಟರೊಳಗೆ ಆ ಹೆಸರನ್ನು ತರಗತಿಗೆ ಹೇಳಬೇಕು.